ಸತ್ಯಾಂಶ: ಜರ್ಮನ್ ಹೆಲ್ಮೆಟ್ಟಿನ ಕೊಂಬು ಯಾರನ್ನೂ ಹೆದರಿಸಲು ಇಟ್ಟದ್ದಲ್ಲ
ಮೊದಲ ಮಹಾಯುದ್ಧದ ಜರ್ಮನ್ ಉಕ್ಕಿನ ಹೆಲ್ಮೆಟ್ಟಿನ ಎರಡೂ ಬದಿಯ ಪುಟ್ಟ ಕೊಂಬುಗಳು ಶತ್ರುವನ್ನು ಹೆದರಿಸಲು ಇದ್ದವಂತೆ, ಕೊಂಬು ಉದ್ದವಿದ್ದಷ್ಟೂ ಅಧಿಕಾರಿ ದೊಡ್ಡವನಂತೆ. ಹೀಗೊಂದು ಸಂದೇಶ ಫೋಟೊ ಸಮೇತ ಓಡಾಡುತ್ತಿದೆ. ಎರಡೂ ಮಾತು ಸುಳ್ಳು.

ಫ್ರೆಡ್ರಿಕ್ ಶ್ವೆರ್ಡ್ ರೂಪಿಸಿದ ಈ ಹೆಲ್ಮೆಟ್ 1916ರಲ್ಲಿ ಬಳಕೆಗೆ ಬಂತು. ಕೊಂಬುಗಳು ಟೊಳ್ಳು; ಒಳಗೆ ಗಾಳಿಯಾಡಲು ದಾರಿ. ಇನ್ನೊಂದು ಕೆಲಸ, ಹಣೆಯ ಮುಂದೆ ಹೆಚ್ಚುವರಿ ಉಕ್ಕಿನ ಫಲಕವನ್ನು ಸಿಕ್ಕಿಸಿಕೊಳ್ಳುವುದು. ಆ ಫಲಕವೇ ಎರಡು ಕಿಲೋಗೂ ಹೆಚ್ಚು ಭಾರ. ಕತ್ತು ನೋಯದೆ ಇರುತ್ತದೆಯೇ? ಹಾಗಾಗಿ ಕಾವಲಿನವರು, ಮೆಷಿನ್ ಗನ್ನಿನವರು ಬಿಟ್ಟರೆ ಅದನ್ನು ತೊಟ್ಟವರು ಕಡಿಮೆ.

ಉದ್ದದ ವಿಷಯ ಇನ್ನೂ ಸ್ವಾರಸ್ಯ. ಹೆಲ್ಮೆಟ್ಟಿಗೆ ಹಲವು ಅಳತೆ, ಫಲಕಕ್ಕೆ ಒಂದೇ ಅಳತೆ. ಚಿಕ್ಕ ಹೆಲ್ಮೆಟ್ಟಿನಲ್ಲೂ ಅದು ಸರಿಯಾಗಿ ಕೂರಬೇಕೆಂದು ಕೊಂಬಿಗೆ ಮೆಟ್ಟಿಲಿನಂಥ ಬುಡ ಕೊಟ್ಟು ಉದ್ದ ಮಾಡಿದರು. ಅಂದರೆ ಉದ್ದ ಕೊಂಬಿನವನು ದೊಡ್ಡ ಅಧಿಕಾರಿಯಲ್ಲ, ಸಣ್ಣ ತಲೆಯವನು! 1935ರ ಮಾದರಿಯಲ್ಲಿ ಕೊಂಬೇ ಹೋಗಿ, ಗಾಳಿಗೆ ಸಣ್ಣ ರಂಧ್ರ ಮಾತ್ರ ಉಳಿಯಿತು.

ಸಂಗ್ರಹಕಾರರಿಗೆ ಇದು ಉಪಯೋಗದ ಮಾಹಿತಿ. ಅಳತೆಯ ಸಂಖ್ಯೆಯನ್ನು ಹೆಲ್ಮೆಟ್ಟಿನ ಒಳಬದಿಯಲ್ಲಿ ಒತ್ತಿರುತ್ತಾರೆ. ಅಲ್ಲಿ 68 ಎಂಬ ದೊಡ್ಡ ಅಳತೆ ಇದ್ದೂ ಕೊಂಬಿಗೆ ಮೆಟ್ಟಿಲಿದ್ದರೆ, ದುಡ್ಡು ಕೊಡುವ ಮೊದಲು ತಿಳಿದವರಿಗೆ ತೋರಿಸಿ.