ಕಾಳನಿಗೊಂದು ನೋಟೀಸು

ನಮ್ಮ ಕಾಳನಿಗೆ ಒಂಬತ್ತು ವರ್ಷ. ಬನಶಂಕರಿಯಲ್ಲಿ ಒಂದು ಮಳೆ ರಾತ್ರಿ, ನಿಂತಿದ್ದ ಆಟೋ ಕೆಳಗೆ ಸಿಕ್ಕವನು. ಲಸಿಕೆ ಕಾರ್ಡಿನಲ್ಲಿ ತಳಿ ಅನ್ನುವ ಕಡೆ ಡಾಕ್ಟರು ‘ನಾಟಿ’ ಅಂತ ಬರೆದಿದ್ದಾರೆ. ಕೋಳಿಯಾಗಿದ್ದರೆ ನಾಟಿ ಅಂದ ಕೂಡಲೇ ಕೇಜಿಗೆ ಇನ್ನೂರು ಹೆಚ್ಚು. ನಾಯಿಯಾದ್ದರಿಂದ ಬಿಟ್ಟಿ.

ಈ ಕಾಳ ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮಹಾಸಭೆಗೆ ವಿಷಯವಾದ. ಟ್ಯಾಂಕರ್ ನೀರಿನ ಬಿಲ್ಲು ಹತ್ತು ನಿಮಿಷದಲ್ಲಿ ಮುಗಿಯಿತು, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ವಾಸನೆ ಐದು ನಿಮಿಷದಲ್ಲಿ. ನಾಯಿಗೆ ಎರಡು ಗಂಟೆ.

“ಇನ್ಮೇಲೆ ನಾಯಿಗಳು ಸರ್ವೀಸ್ ಲಿಫ್ಟಲ್ಲೇ ಓಡಾಡ್ಬೇಕು,” ಅಂದರು ಅಧ್ಯಕ್ಷರು. ನಿವೃತ್ತ ಅಧಿಕಾರಿ. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ, ಅಧಿಕಾರದಿಂದಲ್ಲ.

“ಸಾರ್, ನಮ್ಮಲ್ಲಿರೋದೇ ಒಂದು ಲಿಫ್ಟು.”

ಅವರು ಒಂದು ಕ್ಷಣ ಯೋಚಿಸಿದರು. “ಹಾಗಾದ್ರೆ ಬೆಳಿಗ್ಗೆ ಆರರಿಂದ ಏಳರ ತನಕ ಅದನ್ನೇ ಸರ್ವೀಸ್ ಲಿಫ್ಟು ಅಂತ ಘೋಷಣೆ ಮಾಡೋಣ.”

ಚಪ್ಪಾಳೆ. ಜೊತೆಗೆ ತಿಂಗಳಿಗೆ ಐನೂರು ರೂಪಾಯಿ ನಾಯಿ ಶುಲ್ಕ. ಅದಕ್ಕೂ ಚಪ್ಪಾಳೆ.

ನಾನೂ ಸುಮ್ಮನೆ ಹೋಗಿರಲಿಲ್ಲ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ನಿವಾಸಿಗಳೆಲ್ಲ ಕೈಯೆತ್ತಿ ಒಪ್ಪಿದರೂ ಸಂಘ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟು ಬೇಡ ಅನ್ನುವಂತಿಲ್ಲ, ನಾಯಿ ಹೆಸರಲ್ಲಿ ದುಡ್ಡು ಕೀಳುವಂತಿಲ್ಲ ಎಂದು ಅದರಲ್ಲಿದೆ. ಎದ್ದು ನಿಂತು ಓದಿದೆ. ಅಧ್ಯಕ್ಷರು ಕನ್ನಡಕ ತೆಗೆದು, “ಇದು ಕೇಂದ್ರದ್ದಲ್ವೇನ್ರೀ? ನಮ್ಮ ಬಿಲ್ಡಿಂಗ್ ಇರೋದು ರಾಜ್ಯದಲ್ಲಿ,” ಅಂದರು. ಒಕ್ಕೂಟ ವ್ಯವಸ್ಥೆ ಬಗ್ಗೆ ಇಷ್ಟು ಸ್ಪಷ್ಟವಾಗಿ ಮಾತಾಡಿದವರನ್ನು ನಾನು ವಿಧಾನಸೌಧದಲ್ಲೂ ಕಂಡಿಲ್ಲ. ನಾಯಿ ಹೊಲಸು ಮಾಡಿದರೆ ಮಾಲೀಕರೇ ಬಳಿಯಬೇಕು ಅನ್ನುವ ಮಾತೂ ಅದೇ ಕಾಗದದಲ್ಲಿತ್ತು. ಅಷ್ಟರಲ್ಲಿ ನನಗೆ ಗಂಟಲು ಕಟ್ಟಿದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಸಂಘದವರನ್ನು ಬೈದು ಫಲವಿಲ್ಲ, ಮೇಲ್ಪಂಕ್ತಿ ಹಾಕಿಕೊಟ್ಟವರು ದೊಡ್ಡವರೇ. 2018ರಲ್ಲಿ ಬಿಬಿಎಂಪಿ ಒಂದು ಉಪವಿಧಿ ತಂದಿತ್ತು. ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು. ಸೈಟಿನ ಅಳತೆ ನೋಡಿ ನಾಯಿ ಮಂಜೂರು. ಪ್ಲ್ಯಾನಿನಲ್ಲಿ ಮೂರಂತಸ್ತು ತೋರಿಸಿ ಐದು ಕಟ್ಟಿದವನಿಗೆ ಇವತ್ತಲ್ಲ ನಾಳೆ ಅಕ್ರಮ-ಸಕ್ರಮದ ಆಸೆಯಾದರೂ ಇರುತ್ತದೆ, ಎರಡನೇ ನಾಯಿ ಮರಿ ಹಾಕಿದರೆ ಅದೂ ಇಲ್ಲ. ಸಾಲದ್ದಕ್ಕೆ ಫ್ಲ್ಯಾಟಿಗೆ ಒಗ್ಗುವ ತಳಿಗಳದ್ದೊಂದು ಪಟ್ಟಿ ಬೇರೆ. ಅದರಲ್ಲಿ ಕಾಳ ಇದ್ದಾನೋ ಇಲ್ಲವೋ ಎಂದು ನಾನು ಹುಡುಕುವಷ್ಟರಲ್ಲಿ ಜನ ಗದರಿದರು, ಪಾಲಿಕೆ ಬಾಲ ಮುದುರಿಕೊಂಡಿತು.

ಆಮೇಲೆ ಕೇಂದ್ರದ ಸರದಿ. 2024ರ ಮಾರ್ಚ್ 12ಕ್ಕೆ ಸುತ್ತೋಲೆ: ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳು ಉಗ್ರ, ಸಾಕಬಾರದು. ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ಕೇಳಬೇಕಾದವರನ್ನು ಕೇಳದೆ ಮಾಡಿದ್ದೀರಿ ಎಂಬುದು ತಕರಾರು. ಸುತ್ತೋಲೆಯ ಆಯಸ್ಸು ಒಂದು ತಿಂಗಳೂ ತುಂಬಲಿಲ್ಲ. ಮರಿಗೆ ಕಣ್ಣು ಬಿಡಲು ಹಿಡಿಯುವುದರ ಸುಮಾರು ಎರಡರಷ್ಟು, ಅಷ್ಟೇ.

ಇಷ್ಟೆಲ್ಲ ಗಲಾಟೆಯಲ್ಲಿ ಹಗ್ಗದ ಈಚೆ ತುದಿ ಹಿಡಿದವನ ಮಾತೇ ಬರುವುದಿಲ್ಲ ನೋಡಿ. ಎಷ್ಟು ನಾಯಿ, ಯಾವ ಜಾತಿ, ಯಾವ ಲಿಫ್ಟು, ಎಲ್ಲ ನಾಯಿಯ ವಿಚಾರಣೆಯೇ. ಯಜಮಾನನಿಗೆ ಕಾನೂನು ಇಲ್ಲವೇ ಅಂದರೆ, ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಓದಿ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಬಿಟ್ಟರೆ ಅಪರಾಧ. ಓದಿ ಮೈ ಜುಮ್ಮೆಂದಿತು. ಆಮೇಲೆ ದಂಡ ನೋಡಿದೆ: ಮೊದಲ ಸಲಕ್ಕೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಹತ್ತು ರೂಪಾಯಿಗೆ ಇವತ್ತು ದರ್ಶಿನಿಯಲ್ಲಿ ಬೈ-ಟು ಕಾಫಿಯ ಒಂದು ಪಾಲೂ ಸಿಗುವುದು ಕಷ್ಟ. ಅರವತ್ತು ವರ್ಷ ದಾಟಿದ ಮೇಲೂ ಬೆಲೆ ಏರದ ವಸ್ತು ಬೆಂಗಳೂರಿನಲ್ಲಿ ಇದೊಂದೇ ಇರಬೇಕು. ಇನ್ನು ನಾಯಿಯಿಂದ ಯಾರಿಗಾದರೂ ಅಪಾಯವಾಗುವಂತೆ ಯಜಮಾನ ಅಸಡ್ಡೆ ಮಾಡಿದರೆ ನ್ಯಾಯ ಸಂಹಿತೆಯ 291ನೇ ಕಲಮು ಇದೆ, ಆರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹಳೆಯ ದಂಡಸಂಹಿತೆಯಲ್ಲಿ ಇದು ಸಾವಿರ ಇತ್ತು. ಮಹಾಸಭೆಯಲ್ಲಿ ಅಷ್ಟು ಜನ ಕಿರುಚಾಡಿದರಲ್ಲ, ಒಬ್ಬರ ಬಾಯಲ್ಲೂ ಈ ಕಲಮು ಬರಲಿಲ್ಲ. ಲಿಫ್ಟಿನ ವೇಳಾಪಟ್ಟಿ ಮಾತ್ರ ಎಲ್ಲರಿಗೂ ಬಾಯಿಪಾಠ.

ಮಧ್ಯೆ ಒಂದು ಮನೆವಾರ್ತೆ. 2025ರ ಜುಲೈನಲ್ಲಿ ಸುಮಾರು 5,000 ಬೀದಿನಾಯಿಗಳಿಗೆ ಊಟ ಹಾಕಲು ಪಾಲಿಕೆ ಟೆಂಡರ್ ಕರೆಯಿತಲ್ಲ, ಟೀವಿಯಲ್ಲಿ ಮೆನು ಬರುವಾಗ ಕಾಳ ಪಕ್ಕದಲ್ಲೇ ಮಲಗಿದ್ದ. 150 ಗ್ರಾಂ ಕೋಳಿ, 100 ಗ್ರಾಂ ಅನ್ನ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ. ನಾಯಿಯೊಂದಕ್ಕೆ 22 ರೂಪಾಯಿ 42 ಪೈಸೆ. ಆ 42 ಪೈಸೆ ಚಿಲ್ಲರೆಯನ್ನು ಗುತ್ತಿಗೆದಾರ ಎಲ್ಲಿಂದ ತರುತ್ತಾನೋ ಅನ್ನುವುದು ನನ್ನ ಯೋಚನೆ. ಕಾಳನ ಯೋಚನೆ ಬೇರೆ ಇತ್ತು. ನಮ್ಮದು ಮೊಸರನ್ನದ ಮನೆ. ಒಮ್ಮೆ ತಟ್ಟೆ ನೋಡಿದ, ಒಮ್ಮೆ ಬಾಗಿಲು ನೋಡಿದ. ಅಲ್ಲಿ ಲೈಸೆನ್ಸಿಲ್ಲ, ಲಿಫ್ಟಿಲ್ಲ, ಮಹಾಸಭೆಯಿಲ್ಲ, ಮೇಲಾಗಿ ಕೋಳಿ. ಒಂಬತ್ತು ವರ್ಷದ ಹಿಂದೆ ಆಟೋ ಕೆಳಗಿಂದ ಎತ್ತಿಕೊಂಡು ಬಂದು ಉಪಕಾರ ಮಾಡಿದೆನೋ ಅಪಕಾರ ಮಾಡಿದೆನೋ ಅಂತ ನನಗೇ ಅಳುಕು ಶುರುವಾಯಿತು.

ಲೈಸೆನ್ಸು ಅಂದೆ. ಅದೂ ಇದೆ, ಬಿಬಿಎಂಪಿ ಕಾಲದಲ್ಲಿ ವರ್ಷಕ್ಕೆ 110 ರೂಪಾಯಿ ಇತ್ತು. ಮಾಡಿಸಿದ್ದೀರಾ ಅಂತ ಕೇಳಬೇಡಿ, ನಾನೂ ನಿಮ್ಮನ್ನು ಕೇಳುವುದಿಲ್ಲ. ಈಗಂತೂ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾಗಿವೆ. ಯಾವ ಬೀದಿ ಯಾವ ಪಾಲಿಕೆಗೆ ಎಂದು ಮನುಷ್ಯರಿಗೇ ಗೊಂದಲ. ಕಾಳನನ್ನು ಕಳಿಸಿದರೆ ಒಂದು ವಾರದಲ್ಲಿ ಗಡಿ ಗುರುತು ಮಾಡಿಕೊಟ್ಟು ಬರುತ್ತಾನೆ. ಆ ಕೆಲಸದಲ್ಲಿ ಅವನ ಅನುಭವ ದೊಡ್ಡದು, ಕಂಬಕ್ಕೊಂದು ಸಹಿ.

ಸೋಮವಾರ ಬೆಳಿಗ್ಗೆ ಆರು ಹತ್ತಕ್ಕೆ, ಅಂದರೆ ಲಿಫ್ಟು ಸರ್ವೀಸ್ ಲಿಫ್ಟಾಗಿದ್ದ ವೇಳೆಯಲ್ಲೇ, ಇಬ್ಬರೂ ಇಳಿದೆವು. ಎದುರು ರಸ್ತೆಯ ಹೊಂಗೆಮರದ ಬುಡ ಅವನ ಮಾಮೂಲಿ ಜಾಗ. ಅವನು ಕೂತ ಕೂಡಲೇ ನನಗೆ ಮರದ ತುದಿಯಲ್ಲಿ ಯಾವುದೋ ಹಕ್ಕಿ ಕಾಣಿಸುತ್ತದೆ. ರಸ್ತೆಯ ಆಚೆ ಬದಿ ಲ್ಯಾಬ್ರಡಾರ್ ಹಿಡಿದು ನಿಂತ ಯಜಮಾನರಿಗೂ ಅದೇ ಹಕ್ಕಿ. ನಮ್ಮ ಬಡಾವಣೆಯಲ್ಲಿ ಬೆಳಗಿನ ಆರರಿಂದ ಏಳರವರೆಗೆ ಪಕ್ಷಿವೀಕ್ಷಕರೇ ತುಂಬಿರುತ್ತಾರೆ. ನನ್ನ ಜೇಬಿನಲ್ಲಿ ಹಳೇ ಪೇಪರ್ ಇರುತ್ತದೆ, ಆಣೆ ಮಾಡಿ ಹೇಳುತ್ತೇನೆ. ಕಸ ಗುಡಿಸುವ ಅಮ್ಮ ಪೊರಕೆ ಊರಿ ನಿಂತು ನೋಡಿದಾಗ ಮಾತ್ರ ಅದು ಹೊರಗೆ ಬರುತ್ತದೆ. ಆವತ್ತು ಅಮ್ಮ ಇನ್ನೂ ಬಂದಿರಲಿಲ್ಲ.

ವಾಪಸು ಬಂದರೆ ಲಿಫ್ಟಿನ ಪಕ್ಕದ ಗೋಡೆಗೆ ಹೊಸ ನೋಟೀಸು, ಅಧ್ಯಕ್ಷರ ಸಹಿ, ಮೊಹರು ಸಮೇತ. ದಪ್ಪ ಅಕ್ಷರದಲ್ಲಿ: ‘ನಾಯಿಗಳು ಆವರಣದಲ್ಲಿ ಗಲೀಜು ಮಾಡತಕ್ಕದ್ದಲ್ಲ. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.’ ನನ್ನ ಹೆಸರಿಲ್ಲ, ಯಜಮಾನರು ಅನ್ನುವ ಪದವೂ ಇಲ್ಲ. ನೇರವಾಗಿ ಅವನಿಗೇ ಬರೆದದ್ದು.

ಕಾಳ ಹತ್ತಿರ ಹೋಗಿ ಕೆಳಗಿನ ಅಂಚಿನಿಂದ ಮೂಸುತ್ತ ಬಂದ. ಮೊಹರಿನ ಹತ್ತಿರ ಸ್ವಲ್ಪ ಹೊತ್ತು ನಿಂತ. ಆಮೇಲೆ ನಿಧಾನವಾಗಿ ತಿರುಗಿ, ಹಿಂಗಾಲು ಎತ್ತಿದ.

ನಾನು ಮೊಬೈಲ್ ನೋಡುತ್ತಿದ್ದೆ.