ಸತ್ಯಾಂಶ: ಬ್ಯಾರಿ ಸ್ಯಾಂಡರ್ಸ್ ಮಂಡಿ ಮುರಿದು ಆಟ ಬಿಟ್ಟರೇ?

"ಮಂಡಿ ಮುರಿದು ವಿಶ್ವದಾಖಲೆ ಕೈತಪ್ಪಿದ ನತದೃಷ್ಟ" ಎಂಬ ಒಕ್ಕಣೆಯೊಂದಿಗೆ ಅಮೆರಿಕನ್ ಫುಟ್‌ಬಾಲ್‌ನ ಬ್ಯಾರಿ ಸ್ಯಾಂಡರ್ಸ್ ಫೋಟೊ ಫಾರ್ವರ್ಡ್ ಆಗುತ್ತಿರುತ್ತದೆ. ದಾಖಲೆ ತಪ್ಪಿದ್ದು ನಿಜ, ಮಂಡಿಯ ಕಥೆ ಸುಳ್ಳು.

ಸ್ಯಾಂಡರ್ಸ್ ಡೆಟ್ರಾಯಿಟ್ ಲಯನ್ಸ್ ತಂಡದ ರನ್ನಿಂಗ್ ಬ್ಯಾಕ್. ಚೆಂಡನ್ನು ಬಗಲಲ್ಲಿ ಅವುಚಿಕೊಂಡು, ಮೈಮೇಲೆ ಬೀಳುವವರನ್ನು ತಪ್ಪಿಸಿ ಮುನ್ನುಗ್ಗುವ ಕೆಲಸ. ಈ ಸ್ಥಾನದವರ ಆಟ ಬೇಗ ಮುಗಿಯುತ್ತದೆ, ಹಾಗಾಗಿ ಗಾಯದ ಕಥೆಯನ್ನು ಜನ ಸಲೀಸಾಗಿ ನಂಬುತ್ತಾರೆ. 1993ರಲ್ಲಿ ಮಂಡಿಗೆ ಪೆಟ್ಟಾಗಿ ಐದು ಪಂದ್ಯ ತಪ್ಪಿದ್ದೂ ಹೌದು. ಆದರೆ 1997ರಲ್ಲಿ ಅವರು ಓಡಿದ್ದು 2,053 ಗಜ! ಕೊನೆಯ ಋತುವಾದ 1998ರಲ್ಲಿ ಹದಿನಾರಕ್ಕೆ ಹದಿನಾರೂ ಪಂದ್ಯ ಆಡಿ 1,491 ಗಜ. ಮಂಡಿ ಮುರಿದವರು ಇಷ್ಟು ಓಡುವುದಿಲ್ಲ.

1999ರ ಜುಲೈನಲ್ಲಿ, ಹುಟ್ಟೂರು ವಿಚಿಟಾದ ಪತ್ರಿಕೆಗೊಂದು ಫ್ಯಾಕ್ಸ್ ಕಳಿಸಿ ನಿವೃತ್ತರಾಗಿಬಿಟ್ಟರು. ಆಗ ವಯಸ್ಸು 31. ಒಟ್ಟು ಓಟ 15,269 ಗಜ. ಇನ್ನೊಬ್ಬ ರನ್ನಿಂಗ್ ಬ್ಯಾಕ್ ವಾಲ್ಟರ್ ಪೇಟನ್ ಹೆಸರಲ್ಲಿದ್ದ, ಒಟ್ಟು ಓಟದ ಆಗಿನ 16,726 ಗಜಗಳ ದಾಖಲೆ ಮುರಿಯಲು ಇನ್ನೊಂದು ಒಳ್ಳೆಯ ಋತು ಸಾಕಿತ್ತು. ತಂಡ ಗೆಲ್ಲುವ ಭರವಸೆಯೇ ಉಳಿದಿರಲಿಲ್ಲ, ಒಳ್ಳೆಯ ಆಟಗಾರರನ್ನು ಆಡಳಿತ ಕೈಬಿಡುತ್ತಿತ್ತು ಎಂದು ಮುಂದೆ ಅವರೇ ಕಾರಣ ಕೊಟ್ಟರು. ಒಪ್ಪಂದದ ಅವಧಿ ಮುಗಿಯುವ ಮೊದಲೇ ಹೊರನಡೆದದ್ದಕ್ಕೆ, ಪಡೆದಿದ್ದ ಬೋನಸ್‌ನಲ್ಲಿ ಒಂದು ಪಾಲನ್ನು ಹಿಂದಿರುಗಿಸಬೇಕಾಗಿ ಬಂತು. ಆಟದ ಶ್ರೇಷ್ಠರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ 2004ರಲ್ಲಿ ಸಿಕ್ಕಿತು.