ಶೇ 19ಕ್ಕೆ ಸುಖ, ಶೇ 20ಕ್ಕೆ ಬರ

ಜಿಲ್ಲೆಯಲ್ಲಿ ವಾಡಿಕೆ ಮಳೆ ಆಗಿದೆಯಂತೆ, ಓದಿದಿರಲ್ಲ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ಶೇ 19ರಷ್ಟು ಕಮ್ಮಿ ಬಿದ್ದರೂ ಅದು ವಾಡಿಕೆಯೇ. ಶೇ 20 ಆದರಷ್ಟೇ ಕೊರತೆ. ಆ ಒಂದರ ಸಂದಿಯಲ್ಲಿ ನಿಮ್ಮ ಗೋವಿನಜೋಳ ಒಣಗಿದ್ದರೆ ತಪ್ಪು ಜೋಳದ್ದು.

ಬರ ಘೋಷಿಸುವುದಕ್ಕೂ ಕೇಂದ್ರದ 2016ರ ಕೈಪಿಡಿ ಇದೆ. ಸತತ ಮೂರ್ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಮ್ಮಿ ಮಳೆಯಾದರೆ ಒಣ ಅವಧಿ. ಮೂರನೇ ವಾರ ಅರ್ಧ ತಾಸು ರಪರಪ ಹೊಡೆದು 30 ಮಿ.ಮೀ. ಆಯಿತೋ, ಎಣಿಕೆ ಮತ್ತೆ ಮೊದಲಿಂದ. ಎಕರೆಗೆ ಸುಮಾರು 1.2 ಲಕ್ಷ ಲೀಟರ್ ನೀರು! ಮಳೆಮಾಪಕ ಕುಡಿಯಿತು, ಹೆಪ್ಪುಗಟ್ಟಿದ ಕೆಂಪು ನೆಲ ಕುಡಿಯಲಿಲ್ಲ. ಬದು ಒಡೆದು, ಮೇಲ್ಮಣ್ಣು ಹೊತ್ತು ಹಳ್ಳಕ್ಕೆ ಹೋಯಿತು.

ಹಿಂದಿನವರಿಗೆ ಈ ಸರಾಸರಿಯ ವಿದ್ಯೆ ಗೊತ್ತಿರಲಿಲ್ಲ ಪಾಪ. ನಕ್ಷತ್ರಕ್ಕೊಂದು ಮಳೆ, ಹದಿಮೂರು ಹದಿನಾಲ್ಕು ದಿನದ ಪಾಳಿ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂದರು. ಆ ಮಗನಿಗೆ ಆರಿದ್ರೆಯಲ್ಲಿ ಎರಡು ಪಾಲು ಬಡಿಸಿ, ಮಘೆಯಲ್ಲಿ ಉಪವಾಸ ಕೆಡವಿ, ಕೊಯ್ಲಿನ ಹೊತ್ತಿಗೆ ಎಲೆ ತುಂಬ ಸುರಿದು 'ಸರಾಸರಿ ಊಟ ಆಗಿದೆ' ಎನ್ನುವ ಜಾಣತನ ಅವರಿಗೆ ಹೊಳೆಯಲಿಲ್ಲ.

2023ರ ಆಗಸ್ಟ್ ನೆನಪಿದೆಯಲ್ಲ, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಬಿತ್ತಿ 50–55 ದಿನಕ್ಕೆ ಗೋವಿನಜೋಳ ಸೂಲಂಗಿ, ಅಂದರೆ ತುದಿಯ ಗಂಡು ಹೂ, ಒಡೆಯುತ್ತದೆ. ಆಗ ನೆಲದಲ್ಲಿ ಹಸಿ ಇಲ್ಲದಿದ್ದರೆ ತೆನೆಯ ರೇಷ್ಮೆ ಎಳೆ ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಆಮೇಲೆ ನಾಲ್ಕು ಹನಿ ಬಿದ್ದರೆ ಎಲೆ ಹಸಿರಾದೀತು, ಕಾಳು ಕಟ್ಟದು. ಸಿಪ್ಪೆ ಸುಲಿದು ನೋಡಿ: ಬೆಂಡಿನ ಮೇಲೆ ಅಲ್ಲೊಂದು ಇಲ್ಲೊಂದು, ಮುದುಕನ ಬಾಯಿಯ ಹಲ್ಲಿನಂತೆ. ಕಾರಿನಿಂದ ಇಳಿಯದೆ ನೋಡಿದರೆ ಸಮೃದ್ಧಿಯೇ. ಅದಕ್ಕೆ 'ಹಸಿರು ಬರ' ಎಂದು ಹೆಸರಿಟ್ಟು ಕೇಂದ್ರದ ತಂಡಕ್ಕೆ ಬಿಡಿಸಿ ಹೇಳಬೇಕಾಯಿತು. ಚೆಂದದ ಹೆಸರು, ಸೀರೆಗೂ ಇಡಬಹುದು.

ಆ ವರ್ಷ 236ರಲ್ಲಿ 223 ತಾಲ್ಲೂಕು ಬರಪೀಡಿತ. ದುಡ್ಡಿಗಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಕೇಂದ್ರದ ಹಣ ಬಂದದ್ದು 2024ರ ಏಪ್ರಿಲ್ ಕೊನೆಗೆ, ಮುಂದಿನ ಮುಂಗಾರಿಗೆ ಹೊಲ ಹದ ಮಾಡುವಾಗ. ಅದಕ್ಕೂ ಮೊದಲು ರಾಜ್ಯ ಕೊಟ್ಟ ಕಂತು, ರೈತನಿಗೆ ಹೆಚ್ಚೆಂದರೆ 2,000 ರೂಪಾಯಿ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಮಳೆಯಾಶ್ರಿತ ಬೆಳೆಗೆ ಆಗ ಪರಿಹಾರದ ನಿಯಮದಲ್ಲಿದ್ದದ್ದು ಹೆಕ್ಟೇರಿಗೆ 8,500, ಎಕರೆಗೆ ಹಾಕಿದರೆ ಸುಮಾರು 3,400. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟವನ ಮುಂದೆ ಈ ಅಂಕಿಯನ್ನು ಗಟ್ಟಿಯಾಗಿ ಓದಿ ನೋಡಿ.

ಅದನ್ನು ಪಡೆಯಲೂ ಜಮೀನಿನ ಲೆಕ್ಕ ಒಂದು ತಂತ್ರಾಂಶದಲ್ಲಿ ಸೇರಿರಬೇಕು. ಅದರ ಹೆಸರು ಫ್ರೂಟ್ಸ್.